ಬುಟ್ಟಿಯ ಕೆಳಗಿನ ಹೆಜ್ಜೆ

ನಮ್ಮೂರಲ್ಲಿ ಬಾವಿಯ ನೀರು ತಗುಲಿದ ಹೆಜ್ಜೆ ಒಂದು ವರ್ಷ ಆರುವುದಿಲ್ಲ. ಮಳೆ ನೀರಿನದು ಆರುತ್ತದೆ, ಬೆವರಿನದು ಆರುತ್ತದೆ, ಬಾವಿಯದು ಆರುವುದಿಲ್ಲ. ಹೀಗಾಗಿ ಯಾರೂ ಕಾಲು ಒರೆಸಿಕೊಳ್ಳದೆ ಬಚ್ಚಲಿನಿಂದ ಹೊರಗೆ ಬರುವುದಿಲ್ಲ. ಹೆಗಲ ಮೇಲೆ ಕಾಲೊರಸು ಇಲ್ಲದ ಗಂಡಸನ್ನು ಕಂಡರೆ ಅವನು ಪರ ಊರಿನವನು ಎಂದೇ ತಿಳಿಯಬೇಕು. ಹೊಸ ಸೊಸೆ ಮರೆತು ಒದ್ದೆ ಕಾಲಲ್ಲಿ ಪಡಸಾಲೆ ದಾಟಿದರೆ ಅತ್ತೆಗೆ ವರ್ಷವಿಡೀ ಗೊಣಗಲು ಒಂದು ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಕೂಸು ನಡೆಯಲು ಕಲಿತಾಗ ಮಾತ್ರ ಅಜ್ಜಿಯಂದಿರು ಬೇಕೆಂದೇ ಅದರ ಪಾದ ತೋಯಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಆ ಪುಟ್ಟ ಹೆಜ್ಜೆ ಆರುವ ಹೊತ್ತಿಗೆ ಕೂಸು ಅದರ ಮೇಲೆಯೇ ಓಡಾಡುತ್ತಿರುತ್ತದೆ. ಯಾರಾದರೂ ಸತ್ತರೆ ಅವರ ಕೊನೆಯ ಹೆಜ್ಜೆ ಎಲ್ಲಿದೆ ಎಂದು ಹುಡುಕಿ, ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕುತ್ತಾರೆ. ಹೆಜ್ಜೆ ತಾನಾಗಿ ಆರುವ ತನಕ ಆ ಬುಟ್ಟಿಯನ್ನು ಮನೆಯವರ ಹೊರತು ಯಾರೂ ಎತ್ತುವಂತಿಲ್ಲ, ಎತ್ತಿದರೂ ಓದುವಂತಿಲ್ಲ. ಸತ್ತವರಿಗೆ ಅಷ್ಟಾದರೂ ಮರೆ ಇರಲಿ ಎಂದು ಹಿರಿಯರು ಮಾಡಿದ ಕಟ್ಟಳೆ.

ನಾನು ಚಂದವ್ವ. ಹೆಜ್ಜೆ ಓದುವುದು ನನ್ನ ಕಸುಬು, ಅತ್ತೆಯಿಂದ ಬಂದದ್ದು. ಊರಿಗೆಲ್ಲ ಇರುವುದು ಒಂದೇ ಮೆಟ್ಟಿಲ ಬಾವಿ, ನಲವತ್ತೆರಡು ಮೆಟ್ಟಿಲು. ಕೊಡ ಹಿಡಿದವರು ಕೆಳಗಿಳಿದು, ಮೊಣಕಾಲುದ್ದ ನೀರಿಗೆ ಹೋಗಿ ತುಂಬಿಸಿಕೊಂಡು, ಕಾಲು ಒರೆಸಿಕೊಂಡು ಮೇಲೆ ಬರುತ್ತಾರೆ. ಎಷ್ಟು ಒರೆಸಿದರೂ ತೇವ ಒಂದಿಷ್ಟು ಉಳಿದೇ ಉಳಿಯುತ್ತದೆ. ನಾನು ದಿನಾ ಬೆಳಿಗ್ಗೆ ಮೆಟ್ಟಿಲು ನೋಡಿ, ಯಾರು ಬಂದಿದ್ದರು, ಯಾರು ಸರದಿ ತಪ್ಪಿಸಿದರು ಎಂದು ಗೌಡರಿಗೆ ಒಪ್ಪಿಸಬೇಕು. ಹೊಸ ಹೆಜ್ಜೆ ಗಾಜಿನ ಹಾಗೆ ಹೊಳೆಯುತ್ತದೆ. ಆರು ತಿಂಗಳಿಗೆ ಹೊಳಪು ಹೋಗಿ ಕಪ್ಪು ಉಳಿಯುತ್ತದೆ. ಕೊನೆಯ ತಿಂಗಳಲ್ಲಿ ಹಿಮ್ಮಡಿಯ ಕಡೆಯಿಂದ ಬೆಳ್ಳಗಾಗುತ್ತಾ ಬರುತ್ತದೆ. ಬಸುರಿಯ ಹೆಜ್ಜೆ, ಜಗಳವಾಡಿ ಬಂದವಳ ಹೆಜ್ಜೆ, ಕದ್ದು ಬಂದವನ ಹೆಜ್ಜೆ, ಎಲ್ಲ ಬೇರೆ ಬೇರೆ. ಮೂವತ್ತು ವರ್ಷ ನೆಲ ನೋಡಿ ನೋಡಿ ನನಗೆ ಜನರ ಮುಖಕ್ಕಿಂತ ಪಾದ ಬೇಗ ಗುರುತು ಸಿಗುತ್ತದೆ. ಚಂದವ್ವನದು ಬಲು ಅನುಮಾನದ ಸ್ವಭಾವ ಎಂದು ಊರವರು ಆಡಿಕೊಳ್ಳುತ್ತಾರೆ. ಅವರಿಗೇನು ಗೊತ್ತು? ಬಡಗಿಗೆ ಉಳಿ ಬೇಕು, ನನಗೆ ಅನುಮಾನ ಬೇಕು.

ಈ ಬೇಸಿಗೆಯಲ್ಲಿ ಊರಿಗೆ ನಾರುಹುಣ್ಣು ಬಂತು. ಮೊದಲು ಅಗಸರ ಓಣಿಯಲ್ಲಿ ಇಬ್ಬರಿಗೆ, ಆಮೇಲೆ ಮನೆಗೊಬ್ಬರಂತೆ, ಯುಗಾದಿ ಕಳೆದು ಹದಿನೈದು ದಿನಕ್ಕೆ ನಲವತ್ತು ಜನ ಹಾಸಿಗೆ ಹಿಡಿದರು. ಮೊದಲು ಕಣಕಾಲಿನ ಹತ್ತಿರ ಒಂದು ಬೊಕ್ಕೆ ಏಳುತ್ತದೆ. ಕೆಂಡ ಇಟ್ಟ ಹಾಗೆ ಉರಿ. ಬೊಕ್ಕೆ ಒಡೆದರೆ ಒಳಗಿನಿಂದ ಬಿಳಿ ನೂಲಿನಂಥ ಹುಳ ತಲೆ ಹಾಕುತ್ತದೆ, ಮೊಳದ ಮೇಲೆ ಉದ್ದ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ಅವಸರಪಟ್ಟು ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ನಮ್ಮ ಕಡೆ ಹಳಬರ ಒಂದು ಮಾತಿದೆ: ಹೆಜ್ಜೆ ಮುಚ್ಚಿಟ್ಟವರಿಗೆ ನಾರುಹುಣ್ಣು. ಏನೋ ಬಚ್ಚಿಟ್ಟುಕೊಂಡವರ ಕಾಲಿನಿಂದ ಅದು ನಾರಾಗಿ ಹೊರಗೆ ಬರುತ್ತದಂತೆ. ಈ ಮಾತಿನ ದೆಸೆಯಿಂದ ಹುಣ್ಣು ಎದ್ದವರು ಮುಳ್ಳು ತಾಗಿತು, ಉಳುಕಿತು ಎನ್ನುತ್ತಿದ್ದರೇ ಹೊರತು ನಾರುಹುಣ್ಣು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆಗ ಸರ್ಕಾರದ ಆರೋಗ್ಯ ಇಲಾಖೆಯ ಕಡೆಯಿಂದ ನದಾಫ ಸಾಹೇಬರು ಬಂದರು. ಸಣಕಲು ಮನುಷ್ಯ, ಸೈಕಲ್ಲಿನ ಹಿಂದೆ ಬಿಳಿ ಬಟ್ಟೆಯ ದೊಡ್ಡ ಗಂಟು. ಚಾವಡಿಯಲ್ಲಿ ಜನ ಸೇರಿಸಿ, ಒಂದು ಗಾಜಿನ ಲೋಟದಲ್ಲಿ ನಮ್ಮ ಬಾವಿಯ ನೀರು ತುಂಬಿ ಬಿಸಿಲಿಗೆ ಹಿಡಿದು ತೋರಿಸಿದರು. ಅದರಲ್ಲಿ ಧೂಳಿನ ಕಣದಂಥದ್ದು ಏನೋ ಕುಪ್ಪಳಿಸುತ್ತಿತ್ತು.

"ಹುಣ್ಣಿದ್ದವರು ನೀರಾಗ ಕಾಲಿಟ್ಟರ ಹುಳಾ ಅಲ್ಲೇ ಮರಿ ಬಿಡತೈತಿ. ಆ ಮರೀನ ಈ ನೀರ ಚಿಗಟ ನುಂಗತೈತಿ. ಸೋಸಲಾರದ ಕುಡದ್ರ ಅದು ನಿಮ್ಮ ಹೊಟ್ಟ್ಯಾಗ ಹೋತು. ಒಂದು ವರ್ಷಕ್ಕ ಬೆಳದು ಕಾಲಾಗ ಬರತೈತಿ," ಎಂದರು.

ಗೌಡರು ಮುಂದಕ್ಕೆ ಬಾಗಿ, "ಅಂದ್ರ ಹ್ವಾದ ವರ್ಷ ಯಾರೋ ಒಬ್ಬರು ಹುಣ್ಣಿನ ಕಾಲು ಇಟ್ಟಾರ ಅಂದಂಗಾತು?" ಎಂದು ಕೇಳಿದರು.

ಇಟ್ಟಿರಬೇಕು ಎಂದರು ಸಾಹೇಬರು. ಅಷ್ಟು ಹೇಳಿದ್ದೇ ಅವರ ತಪ್ಪು. ಆಮೇಲೆ ಅವರು ಗಂಟು ಬಿಚ್ಚಿ, ದಟ್ಟ ನೇಯ್ಗೆಯ ಬಟ್ಟೆಯನ್ನು ಮನೆಗೊಂದರಂತೆ ಹಂಚುತ್ತಾ, ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸಿ ಕುಡಿಯಿರಿ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ, ಉರಿ ತಡೆಯದಿದ್ದರೆ ಮನೆಯಲ್ಲೇ ಕಾಲಿಗೆ ನೀರು ಹೊಯ್ದುಕೊಂಡು ಆ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ಎಂದು ಎಷ್ಟೋ ಹೇಳಿದರು. ಬಟ್ಟೆ ಎಲ್ಲರೂ ತೆಗೆದುಕೊಂಡರು. ಮಾತು ಯಾರೂ ತೆಗೆದುಕೊಳ್ಳಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡುತ್ತಿದ್ದರು. ಒಂದು ವರ್ಷದ ಹಿಂದಿನ ಹೆಜ್ಜೆ ಓದಬಲ್ಲವಳು ಊರಲ್ಲಿ ನಾನೊಬ್ಬಳೇ.

ಇಲ್ಲೇ ಹೇಳಿಬಿಡುತ್ತೇನೆ. ಆ ಹೆಜ್ಜೆ ಯಾರದೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮ ಮನೆಯವರದು. ಅವರು ಊರೂರು ತಿರುಗಿ ಬೀಸುಕಲ್ಲು, ರುಬ್ಬುಕಲ್ಲುಗಳನ್ನು ಉಳಿಯಿಂದ ಕೊಚ್ಚಿ ಹರಿತ ಮಾಡಿಕೊಡುತ್ತಿದ್ದರು. ಹೋದಲ್ಲೆಲ್ಲ ಅಲ್ಲಿಯ ನೀರು ಕುಡಿಯುತ್ತಿದ್ದರು. ಹೋದ ವರ್ಷ ಯುಗಾದಿಗೆ ಮುಂಚೆ ಅವರ ಬಲಗಾಲಿನಲ್ಲಿ ನಾರುಹುಣ್ಣು ಎದ್ದಿತು. ಹೆಜ್ಜೆ ಓದುವವಳ ಮನೆಯಲ್ಲೇ ನಾರುಹುಣ್ಣು ಎಂದರೆ ಜನ ಏನೆಂದಾರು? ಮುಳ್ಳು ತುಳಿದಿದ್ದಾರೆ ಎಂದು ಸಾರಿದೆ. ಆದರೆ ಉರಿ ಸುಳ್ಳಿಗೆ ಬಗ್ಗುತ್ತದೆಯೇ? ಹಲ್ಲು ಕಚ್ಚಿ ಅಳುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಯುಗಾದಿ ಕಳೆದು ಇಪ್ಪತ್ತೈದು ದಿನವಾಗಿತ್ತು. ಊರು ಏಳುವ ಮುಂಚೆ, ಮೂರು ದಿನ ಬೆಳಿಗ್ಗೆ, ನಾನೇ ರಟ್ಟೆ ಹಿಡಿದು ಬಾವಿಗೆ ಇಳಿಸಿದೆ. ನೀರಿನಲ್ಲಿ ಕಾಲಿಟ್ಟಾಗ ಅವರ ಮುಖ ಹಗುರಾಗುತ್ತಿತ್ತು. ಬಾವಿಯ ನೀರು ಊರವರ ಬಾಯಾರಿಕೆ ಕಳೆಯುವಂತೆ ನಮ್ಮವರ ಉರಿಯನ್ನೂ ಕಳೆಯಲಿ, ಅದರಲ್ಲಿ ತಪ್ಪೇನು ಎಂದುಕೊಂಡೆ. ಮೂರನೆಯ ದಿನ ಮನೆಗೆ ಬಂದವರೇ ತಾಳ್ಮೆಗೆಟ್ಟು ಹುಳವನ್ನು ಜಗ್ಗಿದರು. ಹರಿಯಿತು. ಕಾಲು ತೊಡೆಯ ತನಕ ಬಾತು, ಜ್ವರ ಏರಿ, ಒಂಬತ್ತು ದಿನದಲ್ಲಿ ಹೋಗಿಬಿಟ್ಟರು. ಅವರ ಕೊನೆಯ ಹೆಜ್ಜೆ ಬಾವಿಯ ಕೆಳಗಿನಿಂದ ಆರನೆಯ ಮೆಟ್ಟಿಲಲ್ಲಿ ಉಳಿಯಿತು. ಅದರ ಮೇಲೆ ಬುಟ್ಟಿ ಹಾಕಿದವಳೂ ನಾನೇ. ದಿನಾ ಬೆಳಿಗ್ಗೆ ಬುಟ್ಟಿ ಸರಿಸಿ ಆ ಹೆಜ್ಜೆಯನ್ನು ಮುಟ್ಟಿ ಬರುತ್ತಿದ್ದೆ. ಒದ್ದೆ ಇದ್ದಷ್ಟು ದಿನ ಅವರು ಪೂರ್ತಿ ಹೋಗಿಲ್ಲ ಎಂದು ನನ್ನ ನಂಬಿಕೆ.

ನದಾಫ ಸಾಹೇಬರು ಬಂದ ದಿನ ಆ ಹೆಜ್ಜೆ ಆರಲು ಇನ್ನೂ ಹನ್ನೆರಡು ದಿನ ಇತ್ತು. ಹಿಮ್ಮಡಿ ಆಗಲೇ ಬೆಳ್ಳಗಾಗಿತ್ತು. ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಆಮೇಲೆ ಬ್ರಹ್ಮನಿಗೂ ಓದಲಾಗದು. ನಾನು ಗೌಡರಿಗೆ, ಹುಡುಕಿ ಹೇಳುತ್ತೇನೆ, ಸ್ವಲ್ಪ ದಿನ ಬೇಕು, ಎಂದೆ.

ಹುಡುಕಿದೆ ಕೂಡ. ಮೂರೇ ಮೂರು ದಿನ ಕಾಲಿಟ್ಟಿದ್ದಕ್ಕೆ ನಲವತ್ತು ಜನ ಮಲಗಲು ಸಾಧ್ಯವೇ, ಬೇರೆ ಯಾರೋ ಇದ್ದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತಾ ಕಳ್ಳ ಪರರ ನಂಬ ಎನ್ನುತ್ತಾರಲ್ಲ, ಹಾಗೆ. ಊರೂ ನನ್ನ ಜೊತೆ ಹುಡುಕಲು ನಿಂತಿತು. ಬೆಳಗಾದರೆ ಒಬ್ಬರಲ್ಲ ಒಬ್ಬರು ನನ್ನ ಹಿತ್ತಲ ಬಾಗಿಲಿಗೆ ಬಂದು, ನನ್ನ ಹೆಸರು ಹೇಳಬೇಡ ಎಂದು ಪಿಸುಗುಟ್ಟಿ, ತಮಗೆ ಆಗದವರ ಹೆಸರು ಹೇಳಿ ಹೋಗುತ್ತಿದ್ದರು. ಓರಗಿತ್ತಿಯ ಮೇಲೆ ಓರಗಿತ್ತಿ ಹೇಳಿದಳು. ಅಣ್ಣನ ಮೇಲೆ ತಮ್ಮ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ಹೆಂಗಸರ ಸೀರೆ ಪಾದ ಮುಚ್ಚುವಷ್ಟು ಇಳಿಯಿತು, ಗಂಡಸರು ಧೋತರದ ಚುಂಗು ಇಳಿಬಿಟ್ಟು ನಡೆದರು. ಉರಿಬಿಸಿಲಿನಲ್ಲಿ ಗೌಡರು ಬೂಟು ಕಾಲುಚೀಲ ಹಾಕಿಕೊಂಡು ಚಾವಡಿಗೆ ಬರತೊಡಗಿದರು. ಪಟ್ಟಣದಲ್ಲಿ ಈಗ ಹೀಗೇ, ಎಂದರು. ನಾನು ನೋಡಿದೆ, ಮನಸ್ಸಿನಲ್ಲಿ ಇಟ್ಟುಕೊಂಡೆ.

ಕೊನೆಗೆ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು, ರೊಟ್ಟಿ ತಟ್ಟಿ ಮಾರುವ ತುಳಜವ್ವನ ಕಡೆ. ಮೂರು ವರ್ಷದ ಹಿಂದೆ ಮಗಳನ್ನು ಕಟ್ಟಿಕೊಂಡು ಎಲ್ಲಿಂದಲೋ ಬಂದವಳು. ಹುಟ್ಟಾ ಎಡಗಾಲು ಗಿಡ್ಡ, ಎಳೆದು ನಡೆಯುತ್ತಾಳೆ. ಹೋದ ವರ್ಷ ಅದೇ ತಿಂಗಳಿನ ಅವಳ ಹೆಜ್ಜೆ ಕೆಳಗಿನಿಂದ ಎಂಟನೆಯ ಮೆಟ್ಟಿಲಲ್ಲಿ ಎದ್ದು ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ಅಪರಾಧ ಎಂದರೆ, ಊರೆಲ್ಲ ಹುಣ್ಣಾಗಿ ಮಲಗಿರುವಾಗ ಅವಳಿಗೂ ಅವಳ ಮಗಳಿಗೂ ಏನೂ ಆಗಿರಲಿಲ್ಲ. ನನಗೂ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ನಮ್ಮವರು ಬದುಕಿದ್ದಾಗ, ನನ್ನ ರೊಟ್ಟಿಗಿಂತ ಅವಳ ರೊಟ್ಟಿ ತೆಳ್ಳಗೆ ಎಂದು ಒಮ್ಮೆ ಅಂದಿದ್ದರು. ಅದನ್ನು ನಾನು ಮರೆತಿಲ್ಲ.

ಒಂದು ಮಧ್ಯಾಹ್ನ ಅವಳ ಗುಡಿಸಲಿನ ಬೇಲಿಯ ಹಿಂದೆ ನಿಂತು ನೋಡಿದೆ. ಅವಳು ಕೊಡದ ನೀರನ್ನು ಹಂಡೆಗೆ ಸುರಿಯುವ ಮುಂಚೆ ಸೆರಗಿನ ತುದಿಯನ್ನು ಮಡಚಿ ಹಂಡೆಯ ಬಾಯಿಗೆ ಹಿಡಿದಳು. ಸುರಿದಾದ ಮೇಲೆ ಆ ಸೆರಗನ್ನು ಬಿಸಿಲಿಗೆ ಹರವಿ ಒಣಗಿಸಿದಳು. ಬಾಯಲ್ಲಿ ಏನೋ ಗುನುಗುತ್ತಿದ್ದಳು. ಮಾಟ ಎಂದುಕೊಂಡೆ. ಹೋಗಿ ಗೌಡರಿಗೆ ಹೇಳಿಯೂ ಬಿಟ್ಟೆ. ಅವರು, ಸೋಮವಾರ ಬಾವಿಯ ಹತ್ತಿರ ಊರು ಸೇರಿಸುತ್ತೇನೆ, ನೀನು ಹೆಜ್ಜೆ ಓದು, ಅವಳದೇ ಎಂದಾದರೆ ಅವಳಿಗೆ ಬಾವಿ ಬಂದ್, ಎಂದರು. ಒಂದೇ ಬಾವಿಯ ಊರಿನಲ್ಲಿ ಬಾವಿ ಬಂದ್ ಎಂದರೆ ಊರೇ ಬಂದ್. ತಾಯಿ ಮಗಳು ಗಂಟು ಕಟ್ಟಬೇಕು. ಆ ಸೋಮವಾರ ಹತ್ತನೆಯ ದಿನ. ಅದಾಗಿ ಎರಡು ದಿನಕ್ಕೆ ಬುಟ್ಟಿಯ ಕೆಳಗಿನದು ಆರಿಹೋಗುತ್ತದೆ. ನನಗೆ ಅಳು ಬರುವಷ್ಟು ನಿರಾಳವಾಯಿತು, ನಾಚಿಕೆಯೂ ಆಯಿತು, ಆದರೆ ನಿರಾಳವೇ ಹೆಚ್ಚು.

ಅಷ್ಟರಲ್ಲಿ ಇನ್ನೊಂದು ಚಮತ್ಕಾರ ನಡೆಯಿತು. ಬಾವಿಯ ಮೆಟ್ಟಿಲ ಮೇಲೆ ಹೊಸ ಹೆಜ್ಜೆ ಬೀಳುವುದು ನಿಂತೇ ಹೋಯಿತು. ಮೊದಲ ದಿನ ನಾಲ್ಕೈದು ಕಡಿಮೆ, ಮರುದಿನ ಅರ್ಧಕ್ಕರ್ಧ, ಆಮೇಲೆ ಒಂದೂ ಇಲ್ಲ. ಕೊಡಗಳು ತುಂಬುತ್ತಿದ್ದವು, ಹೆಜ್ಜೆ ಮಾತ್ರ ಇಲ್ಲ. ಗೌಡರು ಹಿಗ್ಗಿದರು. ಜನಕ್ಕೆ ಬುದ್ಧಿ ಬಂತು, ಯಾರೂ ನೀರಿಗೆ ಇಳಿಯುತ್ತಿಲ್ಲ, ಮೆಟ್ಟಿಲಲ್ಲೇ ಕೂತು ಬಗ್ಗಿ ತುಂಬುತ್ತಿದ್ದಾರೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಮೂವತ್ತು ವರ್ಷದಲ್ಲಿ ಬಾರದ ಬುದ್ಧಿ ಮೂರು ದಿನದಲ್ಲಿ ಬರುವುದುಂಟೇ?

ಶನಿವಾರ ನದಾಫ ಸಾಹೇಬರು ಮತ್ತೆ ಬಂದರು. ಬಟ್ಟೆ ಬಳಸುತ್ತಿದ್ದಾರೋ ಇಲ್ಲವೋ ನೋಡೋಣ ಎಂದು ನನ್ನನ್ನು ಕರೆದುಕೊಂಡು ಮನೆ ಮನೆಗೆ ಹೊರಟರು. ಮೊದಲ ಮನೆಯ ಹಂಡೆಯ ಬಾಯಿ ತೆರೆದಿತ್ತು. ಬಟ್ಟೆ ಎಲ್ಲಿ ಎಂದರೆ ಮನೆಯೊಡತಿ ತಡವರಿಸಿದಳು. ಸಾಹೇಬರೇ ಅತ್ತಿತ್ತ ನೋಡಿ, ಗೂಟಕ್ಕೆ ನೇತುಹಾಕಿದ್ದ ಕೊಳೆಯಾದ ಬಟ್ಟೆಯೊಂದನ್ನು ತೆಗೆದರು. ಅವರು ಹಂಚಿದ ಬಿಳಿ ಬಟ್ಟೆಯೇ. ಅದರ ತುಂಬ ಕಾಲಿನ ಮಣ್ಣು, ಅಲ್ಲಲ್ಲಿ ಕೀವಿನ ಕಲೆ. ಎರಡನೆಯ ಮನೆಯಲ್ಲೂ ಹಾಗೇ. ಹತ್ತು ಮನೆ ನೋಡಿದೆವು, ಹತ್ತರಲ್ಲೂ ಹಾಗೇ. ನನಗೆ ಆಗ ಹೊಳೆಯಿತು. ನಮ್ಮ ಹಳೆಯ ಕಾಲೊರಸು ಎಷ್ಟು ಒರೆಸಿದರೂ ತೇವ ಬಿಡುತ್ತಿತ್ತು. ಈ ಬಟ್ಟೆಯ ನೇಯ್ಗೆ ದಟ್ಟ. ಒಂದೇ ಸಲಕ್ಕೆ ಪಾದದ ನೀರನ್ನೆಲ್ಲ ಹೀರಿ, ಗುರುತೇ ಉಳಿಯದಂತೆ ಮಾಡುತ್ತಿತ್ತು. ಸರ್ಕಾರ ಕಡೆಗೂ ಒಂದು ಒಳ್ಳೆಯ ಕಾಲೊರಸು ಕೊಟ್ಟಿತು ಎಂದು ಊರು ಕುಣಿದಾಡಿತ್ತು.

ಸಾಹೇಬರು ನಮ್ಮ ಮನೆಯ ಕಟ್ಟೆಯ ಮೇಲೆ ಕುಸಿದು ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ದಣಿದ ದನಿಯಲ್ಲಿ ಹೇಳಿದರು:

"ಅಕ್ಕಾರ, ನಲವತ್ತು ಮಂದಿ ಉರಿ ತಡೀಲಾರದ ಕದ್ದು ಬಾವಿಗೆ ಇಳೀಲಿಕ್ಕತ್ತಾರ, ಗುರುತು ಒರಸಿ ಮ್ಯಾಲ ಬರಲಿಕ್ಕತ್ತಾರ. ಹ್ವಾದ ವರ್ಷ ಒಂದ ಕಾಲು ಇಟ್ಟಿದ್ದಕ್ಕ ಇಷ್ಟು ಆತು. ಈಗ ನಲವತ್ತು ಕಾಲು. ಮುಂದಿನ ವರ್ಷ ಏನಾದೀತು, ನೀವ ಹೇಳ್ರಿ. ಕಳ್ಳನ್ನ ಹುಡುಕೋದು ನಿಲ್ಲೂತನಾ ಮಂದಿ ಕಾಲು ಮುಚ್ಚಿಕೊಳ್ಳೋದು ನಿಲ್ಲೂದಿಲ್ಲ."

ನೀರು ಕೊಡಲೇ ಎಂದು ಕೇಳಿದೆ. ಅವರು ಹಂಡೆಯ ಕಡೆ ನೋಡಿ, ತಲೆ ಅಲ್ಲಾಡಿಸಿ, ತಮ್ಮ ಜೇಬಿನಿಂದ ಮಡಚಿದ ಕರವಸ್ತ್ರ ತೆಗೆದು ಲೋಟದ ಬಾಯಿಗೆ ಹಿಡಿದು ಸೋಸಿ ಕುಡಿದರು. ಆ ಕೈಯ ಚಲನೆಯನ್ನು ನಾನು ಎಲ್ಲೋ ನೋಡಿದ್ದೆ. ತುಳಜವ್ವನ ಸೆರಗು. ಆ ಹೆಂಗಸು ಮಾಟ ಮಾಡುತ್ತಿರಲಿಲ್ಲ. ಊರಲ್ಲಿ ನೀರು ಸೋಸಿ ಕುಡಿಯುತ್ತಿದ್ದವಳು ಅವಳೊಬ್ಬಳೇ. ಹುಣ್ಣಾಗದಿದ್ದುದಕ್ಕೇ ಅವಳನ್ನು ನಾವು ಹಿಡಿದಿದ್ದೆವು.

ಭಾನುವಾರ ನಾನು ಅವಳ ಗುಡಿಸಲಿಗೆ ಹೋದೆ. ಮಗಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಸೋಮವಾರ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಸೆರಗಿನಲ್ಲಿ ಯಾಕೆ ಸೋಸುತ್ತೀ ಎಂದು ಕೇಳಿದೆ. ತವರಿನಲ್ಲಿ ಅವ್ವ ಹಾಗೇ ಮಾಡುತ್ತಿದ್ದಳು, ಕಾರಣ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಎಂದಳು. ಇದನ್ನು ಊರಿಗೆ ಯಾಕೆ ಹೇಳಲಿಲ್ಲ ಎಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು:

"ಯಾರ ಕೇಳ್ಯಾರಕ್ಕಾ? ನೀವೆಲ್ಲಾ ನನ್ನ ಕಾಲು ನೋಡೀರಿ. ಕೈ ಯಾರೂ ನೋಡಲಿಲ್ಲ."

ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಇಷ್ಟು ವರ್ಷ ಬೇಲಿಯಾಗಿ ನಿಂತವಳು ನಾನು; ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ನು ಮೂರೇ ದಿನ. ಸುಮ್ಮನಿದ್ದರೆ ನಮ್ಮವರ ಹೆಸರು ಉಳಿಯುತ್ತದೆ, ನನ್ನ ಕಸುಬು ಉಳಿಯುತ್ತದೆ. ತುಳಜವ್ವ ಹೋಗುತ್ತಾಳೆ, ಬಾವಿಯಲ್ಲಿ ನಲವತ್ತು ಕಾಲು ಇಳಿಯುತ್ತಲೇ ಇರುತ್ತವೆ. ಸತ್ತವರ ಮಾನ ದೊಡ್ಡದೋ ಇದ್ದವರ ಕಾಲು ದೊಡ್ಡದೋ ಎಂದು ಯಾರನ್ನಾದರೂ ಕೇಳೋಣವೆಂದರೆ, ಕೇಳಬೇಕಾದ ಒಬ್ಬರು ಬುಟ್ಟಿಯ ಕೆಳಗಿದ್ದರು.

ಸೋಮವಾರ ಬಿಸಿಲೇರುವ ಮುಂಚೆ ಊರು ಬಾವಿಯ ಸುತ್ತ ಸೇರಿತು. ತುಳಜವ್ವ ಒಂದು ಮೂಲೆಯಲ್ಲಿ ಮಗಳ ಕೈ ಹಿಡಿದು ನಿಂತಿದ್ದಳು. ಗೌಡರು ಬೂಟು ಹಾಕಿಕೊಂಡು ಮೇಲಿನ ಕಟ್ಟೆಯ ಮೇಲೆ ಕೂತಿದ್ದರು. ನದಾಫ ಸಾಹೇಬರೂ ಬಂದಿದ್ದರು. ನಮ್ಮ ಪದ್ಧತಿ ಏನೆಂದರೆ, ಹೆಜ್ಜೆ ಓದುವವರು ಆ ಹೆಜ್ಜೆಯ ಪಕ್ಕ ನಿಂತು, ಇಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಬಾಯಿಬಿಟ್ಟು ಹೆಸರು ಹೇಳದಿದ್ದರೆ ಅದು ಓದಿದಂತಲ್ಲ. ನಾನು ಇಳಿದೆ. ಎಂಟನೆಯ ಮೆಟ್ಟಿಲು, ತುಳಜವ್ವನ ಹೆಜ್ಜೆ ಇದ್ದದ್ದು. ಅಲ್ಲಿ ನಿಲ್ಲುತ್ತೇನೆಂದು ಎಲ್ಲರೂ ಕಾದರು. ದಾಟಿ ಇನ್ನೆರಡು ಮೆಟ್ಟಿಲು ಇಳಿದು, ಬುಟ್ಟಿ ಎತ್ತಿ ಪಕ್ಕಕ್ಕಿಟ್ಟೆ.

ಮೇಲಿನಿಂದ ಮುದುಕಿಯೊಬ್ಬಳು, ಬ್ಯಾಡವ್ವಾ, ಪಾಪ ಬರತೈತಿ, ಎಂದಳು. ಹಿಮ್ಮಡಿ ಪೂರ್ತಿ ಆರಿತ್ತು. ಬೆರಳುಗಳು ಇನ್ನೂ ಒದ್ದೆ ಇದ್ದವು. ನೋವಿನ ಕಾಲು ನೆಲಕ್ಕೆ ಊರಲಾಗದೆ ಹೊರಗಡೆಗೆ ವಾಲಿದ ಪಾದ, ಅದರ ಪಕ್ಕ ಜೋಲುಬಿದ್ದ ಹುಳದ ಸಣ್ಣ ಗೆರೆ. ಒಂದು ವರ್ಷ ದಿನಾ ಮುಟ್ಟಿದ್ದೆ, ಓದಿರಲಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ನಾನು ಗಂಡನ ಹೆಸರನ್ನು ಬಾಯಲ್ಲಿ ಹೇಳಿರಲಿಲ್ಲ. ಮದುವೆಮನೆಯಲ್ಲಿ ಗಂಡನ ಹೆಸರು ಹೇಳಿಸುವ ಒಗಟಿನಲ್ಲೂ ಹೇಳಿರಲಿಲ್ಲ.

"ಇದು ದ್ಯಾಮಣ್ಣನ ಹೆಜ್ಜಿ," ಎಂದೆ. "ನಾರುಹುಣ್ಣಿನ ಕಾಲು. ಮೂರು ದಿನ ನೀರಾಗ ಇಟ್ಟಾನ. ಬಾಜೂಕ ಇರೋದು ನಂದು. ನಾನ ಕೈ ಹಿಡಿದು ಇಳಿಸೇನಿ. ತುಳಜವ್ವಂದು ಏನೂ ಇಲ್ಲ."

ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು. ನದಾಫ ಸಾಹೇಬರು ಎದ್ದು ನಿಂತು, ಆ ಮನುಷ್ಯನಿಗೂ ಈ ಅಕ್ಕನಿಗೂ ಗೊತ್ತಿರಲಿಲ್ಲ, ಈಗ ನಿಮಗೆಲ್ಲ ಗೊತ್ತಿದೆ, ಈಗ ಯಾರ ಯಾರ ಕಾಲಿನಲ್ಲಿ ಹುಣ್ಣಿದೆಯೋ ಹೇಳಿ, ಪಟ್ಟಿ ಕಟ್ಟುತ್ತೇನೆ, ಎಂದರು. ಒಬ್ಬರೂ ಮುಂದೆ ಬರಲಿಲ್ಲ. ನನ್ನ ಊರು ನನಗೆ ಗೊತ್ತು. ನನ್ನ ಮಾತಿಗೆ ಕರಗಿ ಓಡಿಬರುವ ಜನವಲ್ಲ. ಅಷ್ಟರಲ್ಲಿ ಕಿವುಡ ಈರಪಜ್ಜ ಕೋಲೂರಿಕೊಂಡು ಮುಂದೆ ಬಂದು, ಧೋತರ ಎತ್ತಿ, ಕಡ್ಡಿಗೆ ಸುತ್ತಿದ ಹುಳವನ್ನು ತೋರಿಸಿ, ಮೊದಲು ನನಗ ಔಷಧ ಹಚ್ಚು, ನಾ ಮುದುಕ ಅದೀನಿ, ಎಂದ. ಔಷಧಿ ಹಂಚುತ್ತಿದ್ದಾರೆಂದು ಅವನು ತಿಳಿದಿದ್ದ. ಒಂದಿಬ್ಬರು ನಕ್ಕರು. ಅಜ್ಜನಿಗೆ ಪಟ್ಟಿ ಕಟ್ಟುವುದನ್ನು ಕಂಡು ಎಲ್ಲಿ ತಮಗೆ ತಪ್ಪುತ್ತದೋ ಎಂದು ಅಗಸರ ಓಣಿಯವಳೊಬ್ಬಳು ಸೀರೆ ಸರಿಸಿದಳು. ಆಮೇಲೆ ಸಾಲು ಕಟ್ಟಿತು. ಎಲ್ಲರಿಗಿಂತ ಕೊನೆಗೆ ಗೌಡರು ಬಗ್ಗಿ, ಯಾರ ಮುಖವನ್ನೂ ನೋಡದೆ, ಬೂಟಿನ ದಾರ ಬಿಚ್ಚತೊಡಗಿದರು. ಅವರದು ಎರಡೂ ಕಾಲಿನಲ್ಲಿತ್ತು.

ಕಟ್ಟಳೆ ಕಟ್ಟಳೆಯೇ. ನನ್ನ ಕಸುಬು ಹೋಯಿತು. ಒಂದು ವರ್ಷ ನನಗೆ ಬಾವಿ ಬಂದ್ ಎಂದರು. ಹುಣ್ಣಿದ್ದ ನಲವತ್ತೊಂದು ಜನಕ್ಕೂ ಹುಣ್ಣು ಮಾಯುವ ತನಕ ಬಂದ್. ಅವರವರ ನೀರನ್ನು ಪಕ್ಕದ ಮನೆಯವರು ತಂದುಕೊಡಬೇಕು. ಸಾಹೇಬರು ಬಾವಿಗೆ ಏನೋ ಔಷಧಿ ಹಾಕಿಸಿದರು. ಮೇಲಿನ ಕಟ್ಟೆಗೆ ರಾಟೆ ಹಾಕಿಸಿ, ಯಾರೂ ಇಳಿಯದೆ ಹಗ್ಗದಿಂದ ಸೇದುವ ಹಾಗೆ ಮಾಡುವುದಾಗಿ ಗೌಡರು ಒಪ್ಪಿಕೊಂಡರು. ಬಡಗಿಗೂ ಹುಣ್ಣಾಗಿದ್ದರಿಂದ ಅದಕ್ಕೆ ಸ್ವಲ್ಪ ದಿನ ಬೇಕಾಗಿತ್ತು. ರಾಟೆ ಬರುವ ತನಕ ಮೆಟ್ಟಿಲು ಕಾಯಲು ಒಬ್ಬರು ಬೇಕಲ್ಲ? ಹುಣ್ಣಿಲ್ಲದವರು, ಹೊತ್ತುಗೊತ್ತು ಇಲ್ಲದೆ ಕೂರಬಲ್ಲವರು, ಯಾರ ಮುಲಾಜಿಗೂ ಬೀಳದವರು. ತುಳಜವ್ವನನ್ನು ಕೂರಿಸಿದರು. ಮೂರು ದಿನದ ಹಿಂದೆ ಓಡಿಸಲು ಹೊರಟಿದ್ದವಳನ್ನು ಕೈಮುಗಿದು ಕರೆದರು. ಅವಳು ಒಲೆಯನ್ನೂ ಹಂಚನ್ನೂ ಅಲ್ಲಿಗೇ ಸಾಗಿಸಿ, ಮೊದಲ ಮೆಟ್ಟಿಲ ಪಕ್ಕ ರೊಟ್ಟಿ ತಟ್ಟುತ್ತಾ ಕಾವಲು ಕೂತಳು.

ನನಗೆ ನೀರು ತಂದುಕೊಡುವವಳೂ ಅವಳೇ ಆದಳು. ಮೊದಲ ದಿನ ಕೊಡ ಇಳಿಸಿದಾಗ ನಾನು ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಅವಳು ಸೇಡು ತೀರಿಸಿಕೊಳ್ಳಲು ಏನಾದರೂ ಬೆರೆಸಿರಬಹುದಲ್ಲ? ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, ಸರಿಯಾಗಿ ನೋಡಕ್ಕಾ, ಎಂದಳು. ನೀರಿನಲ್ಲಿ ಏನೂ ಕುಪ್ಪಳಿಸುತ್ತಿರಲಿಲ್ಲ.

ಆ ಬುಧವಾರ ನಮ್ಮವರ ಹೆಜ್ಜೆ ಆರಿತು. ನನಗೆ ಬಾವಿ ಬಂದ್ ಆದ್ದರಿಂದ ನೋಡಲಾಗಲಿಲ್ಲ. ತುಳಜವ್ವನ ಮಗಳು ಬುಟ್ಟಿಯನ್ನು ತಂದು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು, ಆರಿತ್ರಿ, ಎಂದಷ್ಟೇ ಹೇಳಿ ಹೋದಳು. ಒಬ್ಬಳೇ ಕೂತು ಅತ್ತೆ. ಅಳುತ್ತಾ ಕಾಲು ಕೆರೆದುಕೊಂಡೆ. ಎಡಗಾಲಿನ ಕಣಕಾಲಿನ ಹತ್ತಿರ ಒಂದು ಬೊಕ್ಕೆ ಎದ್ದಿತ್ತು. ನಮ್ಮವರು ಕಾಲಿಟ್ಟ ನೀರನ್ನೇ ನಾನೂ ಕುಡಿದಿದ್ದೆನಲ್ಲ. ಸರಿಯಾಗಿ ಒಂದು ವರ್ಷ. ಹೋಗುವವರು ನನಗಂತ ಇಟ್ಟು ಹೋದದ್ದು ಇದೊಂದು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಉರಿ ಏರಿತು. ಆ ಉರಿ ಏನೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ, ಹಿಡಿದುಕೊಂಡು ನಿಲ್ಲುವವಳಿಗೆ ಗೊತ್ತಾಗುವುದಿಲ್ಲ. ನದಾಫ ಸಾಹೇಬರು ಹೇಳಿದ್ದೆಲ್ಲ ಬಾಯಿಪಾಠ ಇತ್ತು. ಇಳಿದದ್ದರಿಂದ ಏನಾಯಿತೆಂದು ಊರಿಗೇ ಸಾರಿದವಳು ನಾನು. ಆದರೂ ಕಾಲು ತಾನಾಗಿ ಬಾವಿಯ ದಾರಿ ಹಿಡಿಯಿತು. ಒಂದೇ ಸಲ, ಒಂದು ಗಳಿಗೆ, ಬರೀ ಹೆಬ್ಬೆರಳು ಎಂದು ಮನಸ್ಸು ಹೇಳುತ್ತಿತ್ತು. ಹೆಗಲ ಮೇಲೆ ಬಿಳಿ ಬಟ್ಟೆ ಇತ್ತು, ಒರೆಸಿಕೊಂಡು ಬಂದರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಹೇಳುತ್ತಿತ್ತು. ಇನ್ನೊಬ್ಬರ ಮೇಲೆ ಅಷ್ಟೆಲ್ಲ ಅನುಮಾನಪಟ್ಟವಳಿಗೆ ನನ್ನ ಮೇಲೆ ಅನುಮಾನ ಬಂದದ್ದು ಅದೇ ಮೊದಲು.

ತುಳಜವ್ವ ಹಂಚಿನ ಮೇಲೆ ರೊಟ್ಟಿ ಮಗುಚುತ್ತಿದ್ದಳು. ನನ್ನ ನಡಿಗೆ ನೋಡಿಯೇ ಅವಳಿಗೆ ತಿಳಿಯಿತು. ನಾನು ಅವಳ ಮುಂದೆ ನಿಂತು, "ತುಳಜವ್ವಾ, ನನ್ನ ನಂಬಬ್ಯಾಡ," ಎಂದೆ.

"ನಾ ಯಾವಾಗ ನಂಬೇನಕ್ಕಾ?" ಎಂದಳು. ಎಂದವಳೇ ತನ್ನ ಗಿಡ್ಡ ಕಾಲನ್ನು ಮೊದಲ ಮೆಟ್ಟಿಲಿಗೆ ಅಡ್ಡ ಚಾಚಿದಳು.

ನಾನು ಅಲ್ಲೇ ಕಟ್ಟೆಯ ಅಂಚಿಗೆ ಕೂತೆ. ಅವಳು ತನ್ನ ಕೊಡದಿಂದ ತಂಬಿಗೆ ತಂಬಿಗೆ ನೀರನ್ನು ನನ್ನ ಕಾಲಿಗೆ ಹೊಯ್ದಳು. ನೀರು ಬಾವಿಯ ಕಡೆ ಹರಿಯದಂತೆ ಕೆಳಗೆ ಬುಟ್ಟಿ ತುಂಬ ಬೂದಿ ಇಟ್ಟಿದ್ದಳು, ಬುಟ್ಟಿ ನನ್ನದೇ, ಒಲೆಯ ಬೂದಿಗೆಂದು ಅವಳ ಮಗಳು ಬೆಳಿಗ್ಗೆ ಕೇಳಿ ಒಯ್ದಿದ್ದಳು. ಉರಿ ಇಳಿದ ಮೇಲೆ ಅವಳು ಬಿಸಿ ರೊಟ್ಟಿ ಕೊಟ್ಟಳು. ತೆಳ್ಳಗಿತ್ತು, ಒಪ್ಪಿಕೊಳ್ಳಬೇಕು. ಎದ್ದು ಹೊರಡುವಾಗ ಹೆಗಲ ಮೇಲಿನ ಬಟ್ಟೆಯಿಂದ ಕಾಲು ಒರೆಸಿಕೊಳ್ಳಲು ಕೈ ಹೋಯಿತು. ಒರೆಸಿಕೊಳ್ಳಲಿಲ್ಲ. ಆ ಬಟ್ಟೆಯನ್ನು ಒಗೆದು ಹಂಡೆಗೆ ಕಟ್ಟಿದ್ದೇನೆ.

ಒರೆಸದೆ ಬಿಟ್ಟ ನನ್ನ ಆ ಹೆಜ್ಜೆ ಇನ್ನೂ ಅಲ್ಲೇ ಇದೆ, ಆರಲು ಇನ್ನು ನಾಲ್ಕು ತಿಂಗಳು. ಬಂದವರು ಯಾರು ಬೇಕಾದರೂ ಓದಬಹುದು: ಬಾವಿಯ ಬಾಯಿಯ ತನಕ ಬಂದು, ಮೊದಲ ಮೆಟ್ಟಿಲನ್ನು ಮುಟ್ಟದೆ, ಮನೆಯ ಕಡೆ ತಿರುಗಿದ ಹೆಜ್ಜೆ.